ತುಂಬಿದ ಕೊಡಗಳ ಓಣಿ

ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ದಿನದಲ್ಲಿ ಮೊದಲ ಸಲ ಎತ್ತಿದಾಗ ಇಸ್ತ್ರಿಯಮ್ಮ ಅದನ್ನು ಗಿರಾಕಿಯ ಬಟ್ಟೆಗೆ ಮುಟ್ಟಿಸುತ್ತಿರಲಿಲ್ಲ. ಸೊಂಟಕ್ಕೆ ಕಟ್ಟಿಕೊಂಡ ಹಳೆಯ ವಸ್ತ್ರದ ಅಂಚಿಗೆ ಒತ್ತಿ ನೋಡುವಳು. ಸುಡುವುದಾದರೆ ಮೊದಲು ತನ್ನದು ಸುಡಲಿ ಎಂಬ ಲೆಕ್ಕ. ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ.

ಅವಳದು ಗುಡ್ಡಕ್ಕೆ ಅಂಟಿಕೊಂಡ ಮೆಟ್ಟಿಲುಗಳ ಓಣಿ. ನಲ್ಲಿ ಇದ್ದದ್ದು ಕೆಳಗಿನ ರಸ್ತೆಯಲ್ಲಿ. ಅಲ್ಲಿಂದ ಕೊಡ ಹೊತ್ತು ಹತ್ತುವ ಕೆಲಸ ಸೊಸೆಯದು, ಅವಳು ಆಗಷ್ಟೇ ಬಸುರಿಯಾಗಿದ್ದಳು. ಓಣಿಗೆ ಕೊಳಾಯಿ ಹಾಕಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ನಗರಸಭೆ ಒಬ್ಬ ವಿದ್ವಾಂಸರ ವರದಿ ಕೇಳಿತ್ತು.

ಈ ವಿದ್ವಾಂಸರು ಓದಿದ್ದು ಮಾನವ ಭೂಗೋಳ. ಏಷ್ಯಾದ ನಗರಗಳಲ್ಲಿ ಓಣಿ ಓಣಿ ತುಳಿದು ಸುಸ್ಥಿರ ಅಭಿವೃದ್ಧಿಯ ಮೇಲೆ ದಪ್ಪ ದಪ್ಪ ಪುಸ್ತಕ ಬರೆದವರಂತೆ. ಊರೆಲ್ಲ ಸುತ್ತಿದರೂ ಒಂದು ಮನೆಯ ಒಲೆಯ ಮುಂದೆ ಕೂತು ಎದ್ದವರ ಹಾಗೆ ಕಾಣಲಿಲ್ಲ. ಓಣಿ ಅವರನ್ನು ನಕ್ಷೆ ಮೇಷ್ಟ್ರು ಎಂದು ಕರೆಯಿತು.

ಬಂದವರ ಮುಂದೆ ಹಲ್ಲು ಗಿಂಜಬಾರದು ಎಂಬುದು ಓಣಿಯವರ ಹಟ. ಮೇಷ್ಟ್ರು ಬರುವ ದಿನ ಹೆಂಗಸರೆಲ್ಲ ಬೆಳಗಿನಿಂದ ಹತ್ತಿ ಇಳಿದು ಬಾಗಿಲು ಬಾಗಿಲಿಗೂ ತುಂಬಿದ ಕೊಡಗಳನ್ನು ಇಟ್ಟರು. ಇಡಿಸಿದವಳು ಇಸ್ತ್ರಿಯಮ್ಮನೇ.

"ನೀರಿಗೆ ತೊಂದರೆ ಇದೆಯಾ, ತಾಯಿ?" ಎಂದು ಮೇಷ್ಟ್ರು ಕೇಳಿದರು.

"ದೇವರು ನಡೆಸ್ತಾ ಇದಾನೆ ಸ್ವಾಮಿ. ನಮಗೇನು ಕೊರತೆ."

ಮೊದಲ ಸಲ ಕೇಳಿದಾಗ ಇಲ್ಲ ಎನ್ನುವುದು ಅಲ್ಲಿಯ ರೀತಿ. ಮರ್ಯಾದಸ್ಥರು ಇನ್ನೊಮ್ಮೆ ಕೇಳುತ್ತಾರೆ, ಆಗ ಕಷ್ಟ ಹೇಳಿಕೊಳ್ಳಬಹುದು. ಇಸ್ತ್ರಿಯಮ್ಮ ಕಾದಳು. ಪಕ್ಕದಲ್ಲೇ ಸೊಸೆ ಬಾಗಿಲಿಗೆ ಒರಗಿ ಏದುಸಿರು ಬಿಡುತ್ತಿದ್ದಳು. ಮೇಷ್ಟ್ರು ಕೊಡಗಳ ಫೋಟೋ ತೆಗೆದುಕೊಂಡು, ತಲೆದೂಗಿ, ಇಳಿದು ಹೋದರು.

ಕೊಳಾಯಿ ಬೇರೆ ಬಡಾವಣೆಗೆ ಹೋಯಿತು. ಸುದ್ದಿ ತಂದವನು ನಗರಸಭೆಯ ಜವಾನ. "ನಿಮ್ಮದು ಮಾದರಿ ಓಣಿ ಅಂತೆ ಕಣಮ್ಮ. ಇದ್ದಿದ್ರಲ್ಲೇ ಸುಖವಾಗಿದೀರಂತೆ."

ಸೊಸೆ ಕೊಡ ಇಳಿಸಿ ಸೊಂಟ ಹಿಡಿದುಕೊಂಡಳು. "ಅತ್ತೆ, ನಿಮ್ಮ ಮರ್ಯಾದೆ ಭಾರ ಇದೆ. ಹೊರೋಳು ನಾನು."

ಇಸ್ತ್ರಿಯಮ್ಮ ಆ ಕೊಡವನ್ನು ಒಳಗೆ ಎತ್ತಿಟ್ಟಳು. ಮೇಷ್ಟ್ರ ಮೇಲಿನ ತಿರಸ್ಕಾರದಲ್ಲಿ ಒಂದು ಪಾಲು ತನಗೂ ಸಲ್ಲಬೇಕೆಂದು ಅವಳಿಗೆ ಗೊತ್ತಿತ್ತು.

ಸೊಸೆಗೆ ದಿನ ತುಂಬುತ್ತಾ ಬಂದಾಗ ಮೇಷ್ಟ್ರು ಮತ್ತೆ ಹತ್ತಿ ಬಂದರು, ಕೈಯಲ್ಲಿ ಆ ಕೊಡಗಳ ಫೋಟೋ ಅಚ್ಚಾದ ಹೊಸ ಪುಸ್ತಕ. ಬಾಯಾರಿದವರನ್ನು ಹೊಗಳಿ ಹೆಸರು ಮಾಡಿದ ಮುಖದಲ್ಲಿ ಎಂಥ ಕಳೆ.

"ನೋಡಿ ತಾಯಿ, ನಿಮ್ಮ ಓಣಿ ಎಷ್ಟು ದೇಶಕ್ಕೆ ಗೊತ್ತಾಯ್ತು."

"ಗೊತ್ತಾದವರಲ್ಲಿ ಯಾರಾದ್ರೂ ಒಂದು ಕೊಡ ಹೊತ್ತು ತಂದ್ರಾ?"

ಅವಳು ಮುಚ್ಚುಮರೆ ಮಾಡಲಿಲ್ಲ. ಕೊಡಗಳನ್ನು ತುಂಬಿಸಿಟ್ಟದ್ದು ಅವರು ನೋಡಲೆಂದೇ, ಅಂದು ತಾನು ಆಡಿದ್ದು ಸುಳ್ಳು, ಹಾಗೆಂದು ನಗರಸಭೆಗೆ ಬರೆದುಕೊಡಿ ಎಂದಳು.

ಮೇಷ್ಟ್ರ ಮುಖ ಹುಳಿ ತಿಂದಂತಾಯಿತು. "ಅಚ್ಚಾಗಿ ಹೋಗಿದೆಯಲ್ಲ. ಈಗ ಬದಲಾಯಿಸಿದ್ರೆ ನನ್ನ ಮಾತಿಗೆ ಏನು ಬೆಲೆ?" ದನಿ ತಗ್ಗಿಸಿದರು. "ಒಂದು ಮಾಡ್ತೀನಿ. ನಗರಸಭೆಯ ಎಂಜಿನಿಯರು ನಮಗೆ ಬೇಕಾದವರು. ನಿಮ್ಮ ಮನೆಯೊಂದಕ್ಕೆ ನಲ್ಲಿ ಹಾಕಿಸ್ತೀನಿ, ಸದ್ದಿಲ್ಲದೆ."

ಸೊಸೆ ತಲೆಯೆತ್ತಿ ಅತ್ತೆಯನ್ನೇ ನೋಡಿದಳು. ಹೂಂ ಎಂದರೆ ಸಾಕು, ಆ ಸೊಂಟಕ್ಕೆ ಬಿಡುಗಡೆ. ಇಸ್ತ್ರಿಯಮ್ಮನಿಗೂ ಅದೇ ಆಸೆ. ಆದರೆ ತನ್ನ ಮನೆಯಲ್ಲಿ ನಲ್ಲಿ ಸುರಿಯುತ್ತಿರುವಾಗ ಓಣಿಗೆ ನೀರಿಲ್ಲವೆಂದು ಯಾವ ಮುಖ ಹೊತ್ತು ಕೇಳಲು ಹೋಗುವುದು?

"ಇವತ್ತಿಂದ ಕೊಡ ನಾನು ತರ್ತೀನಿ ಮಗಳೇ," ಎಂದಳು. ಆಮೇಲೆ ಮೇಷ್ಟ್ರ ಕಡೆ ತಿರುಗಿದಳು. "ನಿಮ್ಮ ನಲ್ಲಿ ಬೇಡ ಸ್ವಾಮಿ. ನಾಳೆ ನಗರಸಭೆಗೆ ಹೋಗಿ, ನಾನೂ ಸುಳ್ಳು ಹೇಳಿದೆ, ಮೇಷ್ಟ್ರೂ ಸುಳ್ಳು ಬರೆದ್ರು ಅಂತೀನಿ. ಮೆಟ್ಟಿಲು ಜಾರ್ತವೆ, ನೋಡ್ಕೊಂಡು ಇಳೀರಿ."