ಬೂಟು ಹಾಕಿದ ಮದುಮಗ

ಮೇಲಿನ ಫ್ಲ್ಯಾಟಿನ ಮಾಮ ನಕ್ಕರೆ ಸದ್ದೇ ಬರುತ್ತಿರಲಿಲ್ಲ. ಬನಿಯನ್ನಿನೊಳಗೆ ಹೊಟ್ಟೆ ಮಾತ್ರ ಕುಣಿಯುತ್ತಿತ್ತು. ಕುಂದಾಪುರದ ಕಡೆಯವರು, ಬಹರೈನಿನ ಮನಾಮದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಸೂಪರ್‌ವೈಸರ್. ಅಲ್ಲಿನ ಗುಫೂಲ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಆ ಹೊಟ್ಟೆ ಕುಣಿಯದ ರಜೆಯ ಶುಕ್ರವಾರವೇ ಇರಲಿಲ್ಲ.

ಮುಖ್ಯ ಕಾರಣ ಅವರ ಮನೆಯ ಗೋಡೆ. ಮುನ್ನೂರು ನಾನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ಅಚ್ಚಾದ ಪುಸ್ತಕವೊಂದರಲ್ಲಿದ್ದ ನಮ್ಮ ಕರಾವಳಿಯ ಚಿತ್ರಗಳನ್ನು ದಪ್ಪ ಕಾಗದಕ್ಕೆ ಪ್ರಿಂಟು ತೆಗೆದು, ಫ್ರೇಮು ಹಾಕಿಸಿ ತೂಗುಹಾಕಿದ್ದರು. ಬಿಡಿಸಿದವನು ತನ್ನ ಊರು ಬಿಟ್ಟು ಹೊರಟವನೇ ಅಲ್ಲ. ಹಡಗಿನಿಂದ ಮರಳಿದವರು ಹೇಳಿದ್ದನ್ನು ನಂಬಿ ಗೀಚಿದವನು. ಹಾಗಾಗಿ ನಮ್ಮ ದೇವರಿಗೆ ಆಡಿನ ಕೊಂಬು, ತೆಂಗಿನಮರಕ್ಕೆ ಕೊಂಬೆಗಳು, ಮದುಮಗನಿಗೆ ಗುಂಗುರು ಕೂದಲು, ಕಾಲಿಗೆ ಬೂಟು. ಬಂದವರನ್ನೆಲ್ಲ ಅದರೆದುರು ನಿಲ್ಲಿಸಿ, "ಇದ್ರಲ್ಲಿ ನಿಮ್ಮ ಅಜ್ಜ ಯಾರು, ತೋರಿಸಿ ಮಾರಾಯ್ರೆ" ಎನ್ನುತ್ತಿದ್ದರು. ನನ್ನ ಗಂಡನಿಗೆ ಮೈ ಉರಿಯುತ್ತಿತ್ತು. ಮಾಮ ಮಾತ್ರ, "ಸಿಟ್ಟು ಯಾಕೆ? ಪಾಪ, ವಿಚಾರಿಸ್ಲಿಕ್ಕೆ ನಮ್ಮವರು ಯಾರೂ ಅವನ ಹತ್ರ ಇರ್ಲಿಲ್ಲ" ಎಂದು ಆ ಚಿತ್ರಕಾರನ ಪರ ವಹಿಸುತ್ತಿದ್ದರು.

ನನ್ನ ಅಮ್ಮ ವಿಸಿಟ್ ವೀಸಾದಲ್ಲಿ ಬಂದಾಗ ನನ್ನ ಚಿಂತೆ ಬೇರೆಯೇ ಇತ್ತು. ಎಂಟು ವರ್ಷದ ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಆಡಲು ನಾಚಿಕೆ. ಅಜ್ಜಿ ಮೊಮ್ಮಗಳು ಒಂದೇ ಸೋಫಾದಲ್ಲಿ ಕೂತು ಮೂಕರಂತೆ ಟಿವಿ ನೋಡುತ್ತಿದ್ದರು. ಇರುವುದೇ ಒಂದು ತಿಂಗಳು, ಅದೂ ಹೀಗೇ ಕಳೆದುಹೋಗುತ್ತದಲ್ಲ ಎಂದು ನನಗೆ ಸಂಕಟ.

ಇದನ್ನು ಕಂಡ ಮಾಮ ಒಂದು ಶುಕ್ರವಾರ ನಮ್ಮನ್ನು ಊಟಕ್ಕೆ ಕರೆದು ಮಗಳ ಕೈಗೆ ಪೆನ್ಸಿಲ್ ಕೊಟ್ಟರು. "ಅಜ್ಜಿ ಊರಲ್ಲಿ ಕಾಯಿ ಹೆರೆಯುದು ಹೇಗೆ ಅಂತ ಹೇಳ್ತಾರೆ, ನೀನು ಬಿಡಿಸು. ಅಜ್ಜೀ, ನೀವು ಕೈಸನ್ನೆ ಮಾಡ್ಲಿಕ್ಕಿಲ್ಲ."

ಪ್ಯಾಕೆಟ್ಟಿನ ಕಾಯಿತುರಿಯಲ್ಲಿ ಬೆಳೆದ ಹುಡುಗಿ ಕಾಯಿ ತುರಿಯುವ ಹೆರೆಮಣೆ ಕಂಡವಳಲ್ಲ. ಅಮ್ಮ ಶುರುಮಾಡಿದಳು: "ಮಣೆ ಮೇಲೆ ಕೂತ್ಕೊಳ್ಳುದು. ಮುಂದೆ ಕಬ್ಬಿಣದ ಕುತ್ತಿಗೆ ಉಂಟು. ಅದ್ರ ತುದಿಗೆ ಹಲ್ಲು."

ಕಾಗದದ ಮೇಲೆ ಮೂಡಿದ್ದು ಕುದುರೆಯಂಥ ಪ್ರಾಣಿಯ ಬೆನ್ನೇರಿದ ಅಜ್ಜಿ. ಪ್ರಾಣಿ ಬಾಯಿ ತೆರೆದು ಇಡೀ ತೆಂಗಿನಕಾಯಿ ಕಚ್ಚುತ್ತಿತ್ತು. ಮಾಮನ ಹೊಟ್ಟೆ ಕುಣಿದದ್ದೇ ಕುಣಿದದ್ದು. ಅಮ್ಮ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಗಳಿಗೆ ಮೂಗಿನ ತುದಿಯಲ್ಲಿ ಕೋಪ.

ಮಾಮ ಗೋಡೆಯತ್ತ ಕೈ ತೋರಿಸಿದರು. "ಅದನ್ನು ಬಿಡಿಸಿದವನ ಹಾಗೆ ಕೇಳದೆ ಬಿಡ್ಬೇಡ ಮಗಾ. ನಿಂಗೆ ವಿಚಾರಿಸ್ಲಿಕ್ಕೆ ಅಜ್ಜಿ ಇದ್ದಾರಲ್ಲ."

ಮಗಳು ರಬ್ಬರು ಹಿಡಿದು ಪ್ರಾಣಿಯ ಬಾಯಿ ಅಳಿಸಿದಳು. ಆಮೇಲೆ ಕನ್ನಡದಲ್ಲೇ, "ಅಜ್ಜೀ, ಅದಕ್ಕೆ ಕಾಲು ಎಷ್ಟುಂಟು?" ಎಂದಳು.

ಅಲ್ಲಿಂದ ಶುರುವಾದ ಪ್ರಶ್ನೆಗಳು ಅಮ್ಮನನ್ನು ಬಿಡಲು ವಿಮಾನನಿಲ್ದಾಣಕ್ಕೆ ಹೋದಾಗಲೂ ಮುಗಿದಿರಲಿಲ್ಲ.

ಮಾಮ ರಿಟೈರಾಗಿ ಊರಿಗೆ ಮರಳಿದರು. ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಸುದ್ದಿ ತಿಳಿಸಲು ಅಮ್ಮನಿಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಮಗಳು ಫೋನು ತೆಗೆದುಕೊಂಡು, "ಅಜ್ಜೀ, ಮೇಲಿನ ಮನೆ ಮಾಮ ಹೋದ್ರಂತೆ" ಎಂದಳು. ಇಬ್ಬರೂ ಅತ್ತರು. ಮತ್ತೆ ಏನೋ ನೆನಪು ಮಾಡಿಕೊಂಡು ನಗತೊಡಗಿದರು. ಮಾತು ಮುಗಿಯಲೇ ಇಲ್ಲ, ಫೋನು ನನ್ನ ಕೈಗೆ ಬರಲೂ ಇಲ್ಲ.