ಕಾಶ್ಯಪ ಗೋತ್ರದ ತಂಗಿ

ತೊಂಬತ್ತರ ದಶಕದ ಕೊನೆ. ನೆದರ್ಲೆಂಡ್ಸಿನ ವಾಗೆನಿಂಗನ್‌ನ ನಮ್ಮ ಮಣ್ಣಿನ ಲ್ಯಾಬಿನಲ್ಲಿ ಕನ್ನಡದವರೆಂದರೆ ನಾನು ಮತ್ತು ಮೈಸೂರಿನ ಒಬ್ಬ ಸೀನಿಯರ್. ನಾನು ಅವರನ್ನು ಸರ್ ಎನ್ನುತ್ತಿದ್ದೆ. ಒಂದು ಭಾನುವಾರ ಅವರೂ ಅವರ ಹೆಂಡತಿಯೂ ನನ್ನನ್ನೂ ಲ್ಯಾಬಿನ ಸ್ಕಾಟ್ಲೆಂಡಿನ ಗೆಳೆಯನೊಬ್ಬನನ್ನೂ ಊಟಕ್ಕೆ ಕರೆದಿದ್ದರು.

ನಿನ್ನದು ದೊಡ್ಡ ಪಾಳೆಯಗಾರರ ಕುಲದ ಹೆಸರಂತೆ, ಹೌದೇ ಎಂದು ಸರ್ ಅವನನ್ನು ಇಂಗ್ಲಿಷಿನಲ್ಲಿ ಕೇಳಿದರು. ಅವನು ಕೆಮ್ಮು ಬರುವಷ್ಟು ನಕ್ಕ. ಹೆಸರಷ್ಟೇ ಅವರದು, ರಕ್ತವಲ್ಲ ಎಂದ. ಅವನ ಹಿರಿಯರು ಆ ನಾಯಕನ ಹೊಲದಲ್ಲಿ ದುಡಿಯುವ ಬಡವರು. ತನ್ನ ಕಡೆ ಜನ ಹೆಚ್ಚಲೆಂದು ನಾಯಕ ಓಟ್ಸ್ ಹಿಟ್ಟು ಕೊಟ್ಟು ತನ್ನ ಹೆಸರು ಇಟ್ಟುಕೊಳ್ಳಿ ಎಂದನಂತೆ, ಇವರು ಇಟ್ಟುಕೊಂಡರಂತೆ. ಹಸಿವಿತ್ತು, ಅಷ್ಟೇ ಎಂದವನೇ ಮತ್ತೆ ಬಿಸಿಬೇಳೆಬಾತ್ ಬಡಿಸಿಕೊಂಡ. ನನಗೆ ಹೊಟ್ಟೆಕಿಚ್ಚಾಯಿತು. ಇಂಥದ್ದನ್ನೆಲ್ಲ ಊಟದ ಮಧ್ಯೆ ನಗುತ್ತ ಹೇಳಿಬಿಡಬಹುದೇ!

ಸರ್ ನನ್ನ ಕಡೆ ತಿರುಗಿದರು. "ನಮ್ಮಲ್ಲಿ ಅದಕ್ಕೆ ಗೋತ್ರ ಅಂತಾರೆ ಅಂತ ಇವನಿಗೆ ಹೇಳ್ಬೇಕು. ನಿಂದು ಯಾವ್ದಮ್ಮ?"

ನನ್ನ ಹೆಸರಿನ ಜೊತೆಗಿರುವುದು ನಮ್ಮ ಹಳ್ಳಿಯ ಹೆಸರು. ಜಾತಿ ಕಾಣದಿರಲೆಂದು ಶಾಲೆಗೆ ಸೇರಿಸುವಾಗ ಅಪ್ಪ ಬರೆಸಿದ್ದು. ನಮ್ಮ ಕೇರಿಯಲ್ಲಿ ಗೋತ್ರ ಯಾರಿಗಿದೆ? ಅಪ್ಪ ಅದಕ್ಕೂ ಹೇಳಿಕೊಟ್ಟಿದ್ದ. ಗೋತ್ರ ತಿಳಿಯದವರಿಗೆ ಅರ್ಚಕರು ಕಾಶ್ಯಪ ಎಂದೇ ಹೇಳಿ ಅರ್ಚನೆ ಮಾಡುತ್ತಾರೆ, ಯಾರಾದರೂ ಕೇಳಿದರೆ ನೀನೂ ಹಾಗೇ ಹೇಳು ಎಂದು.

"ಕಾಶ್ಯಪ," ಎಂದೆ.

"ಅರೆ, ನಮ್ದೂ ಅದೇ! ಒಂದೇ ಗೋತ್ರ ಅಂದ್ಮೇಲೆ ನೀನು ನಂಗೆ ತಂಗಿನೇ. ಲೇ, ನಿನ್ನ ನಾದಿನಿ ಬಂದಿದಾಳೆ ನೋಡೇ!" ಎಂದು ಹೆಂಡತಿಯನ್ನು ಕೂಗಿದರು.

ಅಂದಿನಿಂದ ನಾನು ಆ ಮನೆಯವಳಾದೆ. ಅಡುಗೆಮನೆಯ ಕಪಾಟಿನಲ್ಲಿದ್ದ ದೇವರಿಗೆ ದೀಪ ಹಚ್ಚಲು ಅತ್ತಿಗೆ ನನ್ನನ್ನೇ ಕರೆಯುತ್ತಿದ್ದರು. ಗೌರಿ ಹಬ್ಬಕ್ಕೆ ಬಳೆ, ರವಿಕೆ ಕಣ ಕೊಟ್ಟು, "ತವರಿಂದು ಕಣೇ, ತಗೋ," ಎಂದರು. ನನಗೆ ನಿಜವಾಗಿಯೂ ಸಂತೋಷವಾಯಿತು. ಆ ಸಂತೋಷಕ್ಕೇ ನಾಚಿ ಹಿಡಿಯಷ್ಟಾದೆ.

ಆ ವಾರ ಊರಿಗೆ ಫೋನ್ ಮಾಡಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಬೈಯಲಿ ಎಂದೇ ಹೇಳಿದೆ. ನಮ್ಮನ್ನು ಮುಚ್ಚಿಟ್ಟು ಉಂಡು ಬಂದೆಯಾ ಎಂದು ಒಂದು ಸಲ ಕೇಳಿದ್ದರೆ ಸಾಕಿತ್ತು.

"ದೀಪನ ನಿನ್ ಕೈಲೇ ಹಚ್ಚುಸ್ತಾರಾ?" ಎಂದ ಅಪ್ಪ.

"ಹೂಂ."

"ಒಳ್ಳೇದಾಯ್ತು ಬುಡವ್ವ. ನಾವಂತೂ ಅಲ್ಲೀಗಂಟ ಬರಕ್ಕಿಲ್ಲ. ನೀನು ಹೆದರ್ಕಬ್ಯಾಡ."