ಲಗ್ನಪತ್ರಿಕೆಯಿಂದ ಅಳಿಸಿಹೋದ ಹನ್ನೊಂದು ನೆಂಟರು

ಕಳೆದ ವಾರ ನಾನು ಹನ್ನೊಂದು ಜನ ನೆಂಟರನ್ನು ಒಂದೇ ಏಟಿಗೆ ಅಳಿಸಿಹಾಕಿದೆ. ಗಾಬರಿಯಾಗಬೇಡಿ, ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ. ನನ್ನನ್ನು ಬೈಯುವುದಕ್ಕೆ ಬೇಕಾದಷ್ಟು ಉಸಿರಿದೆ.

ಅಕ್ಕನ ಮಗಳ ಲಗ್ನಪತ್ರಿಕೆ. ಕೊನೆಯಲ್ಲಿ 'ಸುಖಾಗಮನ ಬಯಸುವವರು' ಎಂದು ಹದಿಮೂರು ಹೆಸರುಗಳ ಒಂದೇ ಉದ್ದನೆಯ ಸಾಲು. ಹೆಸರಿನ ಮುಂದೆ ಆವರಣದಲ್ಲಿ ಊರು: ಕಡೂರು, ತರೀಕೆರೆ, ಚೌಳಹಿರಿಯೂರು. ಜಾಗ ಸಾಲದು, ಊರುಗಳನ್ನು ತೆಗೆದುಕೊಡಿ ಎಂದರು ಅಜ್ಜಂಪುರದ ಪ್ರೆಸ್ಸಿನವರು. ಕೈಯಲ್ಲಿ ಅಳಿಸಿದ್ದರೆ ಎರಡು ನಿಮಿಷದ ಕೆಲಸ. ಆದರೆ ನಾನು ಆಗಷ್ಟೇ ಯಾವುದೋ ವಿಡಿಯೋ ನೋಡಿ 'ಎಕ್ಸ್‌ಟೆಂಡೆಡ್ ರೆಗ್ಯುಲರ್ ಎಕ್ಸ್‌ಪ್ರೆಷನ್' ಕಲಿತಿದ್ದೆ. (ಟೆಕ್ಸ್ಟ್ ಎಡಿಟರಿಗೆ ಪದವನ್ನು ಹೇಳದೆ ಪದದ ಚಹರೆ ಹೇಳಿ ಹುಡುಕಿಸುವ ವಿದ್ಯೆ.) ಕಲಿತ ಮೇಲೆ ಸುಮ್ಮನಿರುವುದು ಹೇಗೆ?

ಆವರಣ ತೆರೆದಲ್ಲಿಂದ ಮುಚ್ಚಿದಲ್ಲಿಯವರೆಗೆ ಏನಿದ್ದರೂ ಅಳಿಸು ಎಂದು ಬರೆದೆ. 'ಏನಿದ್ದರೂ' ಎನ್ನುವುದಕ್ಕೆ ಒಂದು ಚುಕ್ಕಿ, ಒಂದು ನಕ್ಷತ್ರ. ಆ ನಕ್ಷತ್ರ ಮಹಾ ಹೊಟ್ಟೆಬಾಕ. ಮೊದಲ ಆವರಣ ಮುಚ್ಚಿದಲ್ಲಿ ನಿಲ್ಲದೆ, ಸಾಲಿನ ಕಟ್ಟಕಡೆಯ ಆವರಣದವರೆಗೆ ನಡುವಿದ್ದ ನೆಂಟರನ್ನೆಲ್ಲ ನುಂಗಿತು. ಉಳಿದವರು ಇಬ್ಬರೇ. ಮೊದಲ ಹೆಸರಿನ ದೊಡ್ಡಪ್ಪ, ಮತ್ತು ಕೊನೆಯಲ್ಲಿ ಊರಿಲ್ಲದೆ ಬರೆದುಕೊಂಡಿದ್ದ ನಾನು.

ಪ್ರೂಫ್ ನೋಡಲಿಲ್ಲವೇ? ನೋಡಿದೆವು ಕಣ್ರೀ! ದೊಡ್ಡಪ್ಪ ಕನ್ನಡಕ ಹಾಕಿಕೊಂಡು, ತಮ್ಮ ಹೆಸರು ದಪ್ಪಗೆ ಬಂದಿದೆ ಎಂದು ಮೆಚ್ಚಿ ಒಪ್ಪಿಗೆ ಕೊಟ್ಟರು. ಪತ್ರಿಕೆ ಪ್ರಿಂಟಾಗಿ ಎಲ್ಲ ಮನೆಗಳಿಗೂ ಹೋಯಿತು.

ಕಡೂರಿನ ಚಿಕ್ಕಪ್ಪ ಫೋನ್ ಎತ್ತುವುದನ್ನು ಬಿಟ್ಟರು. ಚೌಳಹಿರಿಯೂರಿನವರು ಆ ದಿನ ಬೇರೆ ಕಡೆ ಮದುವೆ ಇದೆ ಎಂದರು. ಅಕ್ಕ ಅಡುಗೆಮನೆಯಲ್ಲಿ ಕೂತು ಅತ್ತಳು. ಧಾರೆಯ ಹೊತ್ತಿಗೆ ಮಗಳ ಕಡೆ ನಿಲ್ಲಲು ನಮ್ಮವರೇ ಇಲ್ಲದಿದ್ದರೆ ಬೀಗರೆದುರು ಮುಖ ತೋರಿಸುವುದು ಹೇಗೆ ಎಂಬುದು ಅವಳ ಸಂಕಟ. ನಾನು ಹೊಸ ಪತ್ರಿಕೆ ಮಾಡಿಸಿ, ಬೈಕ್ ಹತ್ತಿ, ಹನ್ನೊಂದು ಮನೆಗೂ ತಪ್ಪಾಯಿತು ಎನ್ನಲು ಹೊರಟೆ.

ತರೀಕೆರೆಯ ಚಿಕ್ಕಮ್ಮ ಬಾಗಿಲಲ್ಲೇ ನಿಲ್ಲಿಸಿದರು. ಕೈಯಲ್ಲಿ ಹಳೆಯ ಪತ್ರಿಕೆ. "ಎಲ್ರುನ್ನೂ ಹಾಕ್ಸಿ, ನಮ್ಮನ್ ಮಾತ್ರ ಬಿಟ್ಬಿಟ್ರಲ್ಲೋ."

ಎಲ್ಲರು ಅಂದರೆ ಯಾರು? ಅಲ್ಲಿದ್ದದ್ದು ಎರಡೇ ಹೆಸರು! ಹನ್ನೊಂದು ಮನೆಯಲ್ಲೂ ಅದೇ ದೂರು: ನಮ್ಮನ್ನು ಮಾತ್ರ. ಪಕ್ಕದವರ ಹೆಸರೂ ಇಲ್ಲವೆಂಬುದು ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಕೊನೆಗೆ ಹತ್ತು ಮನೆಯವರು ಬರುತ್ತೇವೆಂದರು. ಚಿಕ್ಕಮ್ಮ ಮಾತ್ರ ನೋಡೋಣ ಎಂದರು.

ಮನೆಗೆ ಬಂದು ನಗುತ್ತಾ ಅಕ್ಕನಿಗೆ ಹೇಳಿದೆ, ನಮ್ಮ ಜನಕ್ಕೆ ತಮ್ಮ ಹೆಸರು ಬಿಟ್ಟರೆ ಬೇರೇನೂ ಕಾಣುವುದಿಲ್ಲವೆಂದು. ಅವಳು ನಗಲಿಲ್ಲ.

"ಪ್ರಿಂಟಿಗ್ ಕೊಡೋ ಮುಂಚೆ ನೀನೇನ್ ನೋಡ್ದೆ?"

ನನ್ನ ಹೆಸರು ನೋಡಿದ್ದೆ. ಸರಿಯಾಗಿತ್ತು.